ಈಶಾನ್ಯ ಮೂಲೆಯ ಉಬ್ಬು

ಹೇಳಿಕೆ ಕೊಡುವವರು: ಜೆರಾಲ್ಡಿನ್ ಪಸಿಚ್ನಿಕ್, ವಯಸ್ಸು 63 ವರ್ಷ, ವೃತ್ತಿ: ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ, ವಾಸ: ಸದರಿ ಅಂಗಡಿಯ ಮೇಲಿನ ಮನೆ, ರೈಲ್ವೆ ಬೀದಿ, ಸ್ಟೋನಿ ಫೋರ್ಡ್ ಪಟ್ಟಣ, ಸಸ್ಕಾಚೆವಾನ್ ಪ್ರಾಂತ್ಯ, ಕೆನಡಾ.

ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಗುರುವಾರ ಸಂಜೆ ಮುಚ್ಚಿ ಬೀಗ ಹಾಕಿದ ಐಸ್-ಹಾಕಿ ಆಟದ ರಿಂಕಿನೊಳಗೆ ನಾವು ಹದಿನೇಳು ಜನ ದೀಪ ಹಾಕಿಕೊಂಡು ಖಾಲಿ ಐಸನ್ನು ನೋಡುತ್ತಾ ಏಕೆ ನಿಂತಿದ್ದೆವು ಎಂದು ಕಾನ್‌ಸ್ಟೇಬಲ್ ಫೆನ್‌ವಿಕ್‌ರವರು ಕೇಳಿರುತ್ತಾರೆ. ಐಸ್ ಖಾಲಿ ಇರಲಿಲ್ಲ. ಅದು ತಿಳಿಯಬೇಕಾದರೆ ಮಧ್ಯಾಹ್ನದಿಂದ ಕೇಳಬೇಕು.

ರಿಂಕನ್ನು ಫೆಬ್ರವರಿಯಲ್ಲಿ ಇನ್ಸ್‌ಪೆಕ್ಟರ್ ಬಂದು ಮುಚ್ಚಿಸಿದರು. ಐವತ್ತು ಚಳಿಗಾಲ ಹೆಪ್ಪುಗಟ್ಟಿದ ನೆಲ ಅಡಿಯಿಂದ ಉಬ್ಬಿ ಉಬ್ಬಿ ಗೋಡೆ ಬಿರುಕು ಬಿಟ್ಟಿರುತ್ತದೆ. ಬರುವ ಸೋಮವಾರ ಕೆಡವುತ್ತಾರೆ. ರಿಂಕಿನ ಜಗಲಿಯಲ್ಲಿ ಕೂತು ಹಾಕಿ ಆಟದ ಮಾತಾಡುತ್ತಿದ್ದವರೆಲ್ಲ ಅಂದಿನಿಂದ ನನ್ನ ಅಂಗಡಿಗೆ ಬಂದು ಕೂರುತ್ತಾರೆ, ಬೆಚ್ಚಗಿರುವ ಜಾಗ ಊರಲ್ಲಿ ಇನ್ನೊಂದಿಲ್ಲ. ಧಾನ್ಯದ ಗೋದಾಮಿನ ಏಜೆಂಟ್ ಆರ್ಚಿ ಮೆಕ್‌ಲೀಶ್ ಎಂಬುವವನು ಗಿರಾಕಿ ಅನ್ನಿಸಿಕೊಳ್ಳಲೆಂದು ಎರಡು ಟವೆಲ್ ತಂದು ದಿನಾ ಅದನ್ನೇ ಒಗೆಯುತ್ತಾನೆ. ಸದರಿ ಟವೆಲುಗಳ ಆಚೆ ಬದಿ ಈಗ ಈಚೆಯಿಂದಲೇ ಕಾಣುತ್ತದೆ.

ಮಧ್ಯಾಹ್ನ 1-40ಕ್ಕೆ ಎಮಿಲ್ ಬೊಡ್ನರ್, 74 ವರ್ಷ, ನಿವೃತ್ತ ರೈತರು, ಟೋಪಿಯ ಹಿಮವನ್ನೂ ಕೊಡವದೆ ಒಳಗೆ ಬಂದು, ರೀಸ್‌ಗೆ ತುರ್ತು ಕರೆ ಬಂದಿದೆ ಎಂದರು. ನಾನು, ಯಾವ ಆಸ್ಪತ್ರೆ ಅಂತ ಕೇಳಿದೆ. ಆಸ್ಪತ್ರೆ ಅಲ್ಲ ಕಣಮ್ಮ, ದೊಡ್ಡ ತಂಡ, ಅವ್ರ ಡಿಫೆನ್ಸ್‌ನೋರು ಮೂರು ಜನ ಒಟ್ಟಿಗೆ ಹಾಸಿಗೆ ಹಿಡಿದಿದ್ದಾರೆ, ಇವತ್ತು ಸಂಜೇನೇ ನಮ್ಮ ಹುಡುಗನ್ನ ಇಳಿಸ್ತಾರೆ ಎಂದು ಹೇಳಿ, ಕೂರಲು ಹೋಗಿ ತಿರುಗುತ್ತಿದ್ದ ಯಂತ್ರದ ಮೇಲೆ ಕೂತರು. ಸ್ವಲ್ಪ ಹೊತ್ತು ಅವರೂ ಅದರ ಜೊತೆ ಅಲುಗುತ್ತಿದ್ದರು, ಅವರಿಗೆ ಗೊತ್ತಾಗಲಿಲ್ಲ.

ರೀಸ್ ಕುಶ್ನಿರ್ ಎಂಬುವವನು ನಮ್ಮೂರ ಹುಡುಗ, 21 ವರ್ಷ, ಡಿಫೆನ್ಸ್ ಆಟಗಾರ, ಅಂದರೆ ಎದುರಿನವರನ್ನು ಗೋಲಿನ ಹತ್ತಿರ ಬಿಡದೆ ತಡೆಯುವವನು. ಎರಡು ವರ್ಷದಿಂದ ಕೆಳಗಿನ ತಂಡದಲ್ಲಿ ಆಡುತ್ತಾ ಮೇಲಿನವರ ಕರೆ ಕಾಯುತ್ತಿದ್ದನು. ಅವನ ಜೊತೆ ನಾವೂ ಕಾಯುತ್ತಿದ್ದೆವು.

ಆರ್ಚಿ, ಮೂರು ಜನ ಬಿದ್ದ ಮೇಲೆ ಕರೆದದ್ದು ಒಂದು ಕರೇನಾ, ಇನ್ನೊಬ್ಬ ಬಿದ್ದಿದ್ರೆ ನನಗೂ ಫೋನ್ ಬರ್ತಿತ್ತು ಎಂದನು. ನಿಂಗೆ ಬರೋದು ಟವೆಲ್ ಹಿಂಡೋಕೆ ಎಂದು ಎಮಿಲ್ ಹೇಳಿದರು. ಆರು ನಿಮಿಷ ಆಡಿಸ್ತಾರೆ, ಭಾನುವಾರ ವಾಪಸ್ ಬಸ್ ಹತ್ತಿಸ್ತಾರೆ, ನೋಡ್ತಿರು ಎಂದು ಆರ್ಚಿ. ಅಲ್ಲಯ್ಯಾ, ಹಿಂದಕ್ಕೆ ಜಾರ್ತಾ ಜಾರ್ತಾ ಎದುರಿನೋನನ್ನ ನಯವಾಗಿ ಗೋಡೆಗೆ ಸೇರಿಸ್ತಾನಲ್ಲ, ಅಂಥೋನು ಆ ತಂಡದಲ್ಲಿ ಇನ್ನೊಬ್ಬ ಇದ್ದಾನಾ, ನೀನು ಅವನ ಆಟ ನೋಡಿದ್ದೀಯೋ ಅಥವಾ ನಿನ್ನ ಟವೆಲ್ ತಿರುಗೋದನ್ನೇ ನೋಡಿದ್ದೀಯೋ ಎಂದು ಎಮಿಲ್. ಡಿಫೆನ್ಸ್‌ನವನ ಹೆಸರು ಟೀವಿಯಲ್ಲಿ ಎಷ್ಟು ಕಡಿಮೆ ಕೇಳಿದರೆ ಅಷ್ಟು ಒಳ್ಳೆಯದು, ಗೋಲು ಹೊಡೆಸಿಕೊಂಡಾಗಲೇ ಅವರ ಹೆಸರು ಕೂಗುವುದು ಎಂದು ನಾನು ನನ್ನ ಅಭಿಪ್ರಾಯ ಹೇಳಿದೆ. ಇದನ್ನು ಇಬ್ಬರೂ ಒಪ್ಪಿದರು. ಇಬ್ಬರೂ ಒಂದೇ ಮಾತು ಒಪ್ಪಿದ್ದು ಈ ಚಳಿಗಾಲದಲ್ಲಿ ಅದೇ ಮೊದಲು.

ಆಮೇಲೆ ಆರ್ಚಿ ದನಿ ತಗ್ಗಿಸಿ, ಆ ಕಾಲೆತ್ತೋ ಚಾಳಿ ಹೋಗಿದೆ ತಾನೇ ಎಂದನು.

ಚಾಳಿಯ ವಿಷಯ ಹೇಳಬೇಕು. ನಮ್ಮ ರಿಂಕಿನ ಈಶಾನ್ಯ ಮೂಲೆಯಲ್ಲಿ ಐಸು ಎರಡು ಬೆರಳಷ್ಟು ಉಬ್ಬಿಕೊಂಡಿತ್ತು. ಎಷ್ಟು ಹೆರೆದರೂ ನೆಲ ಮತ್ತೆ ಉಬ್ಬುತ್ತಿತ್ತು. ಹೊರಗಿನ ತಂಡದವರು ಅಲ್ಲಿ ಮುಗ್ಗರಿಸುತ್ತಿದ್ದರು, ನಮ್ಮ ಮಕ್ಕಳು ಹೊಸ್ತಿಲು ದಾಟುವ ಹಾಗೆ ಎಡಗಾಲನ್ನು ಇಷ್ಟೇ ಇಷ್ಟು ಎತ್ತಿ ದಾಟುತ್ತಿದ್ದರು. ರೀಸ್ ಐದು ವರ್ಷದವನಿದ್ದಾಗ ಅಲ್ಲಿ ದಿನಾ ಬೀಳುತ್ತಿದ್ದನು. ಅವನ ತಾಯಿ ಡೀನಾ ಸದರಿ ಮೂಲೆಯಲ್ಲಿ ಐಸಿನ ಸುತ್ತ ಇರುವ ಗಾಜಿನ ಹಿಂದೆ ನಿಂತು, ಅವನು ಹತ್ತಿರ ಬಂದಾಗ ಕೈ ಎತ್ತುವಳು. ಕೈ ಕಂಡ ಕೂಡಲೇ ಅವನು ಕಾಲು ಎತ್ತುವನು. ಹದಿನಾರಕ್ಕೆ ಊರು ಬಿಡುವ ತನಕ ಹೀಗೇ ನಡೆಯಿತು. ಹೊರಗೆ ಹೋದ ಮೇಲೆ ಕನ್ನಡಿಯಂಥ ಐಸಿನ ಮೇಲೂ ಆ ಮೂಲೆ ಬಂದರೆ ಕಾಲು ಎತ್ತುತ್ತಿದ್ದನಂತೆ. ಜೊತೆಯವರು ನಕ್ಕರು, ಕೋಚು ಬೈದರು, ಆ ಚಾಳಿ ಬಿಡದಿದ್ದರೆ ಮೇಲಿನವರು ಇವನನ್ನು ಮೂಸಿಯೂ ನೋಡುವುದಿಲ್ಲ ಎಂದರು. ಬಿಡಿಸಿದ್ದಾರೆಂದು ಕೇಳಿದ್ದೆವು.

2-15ಕ್ಕೆ ಡೀನಾ ಕುಶ್ನಿರ್, 47 ವರ್ಷ, ವೃದ್ಧರ ಮನೆಯಲ್ಲಿ ಅಡುಗೆಯವಳು, ಮೇಜುಬಟ್ಟೆಗಳ ಗಂಟು ಹೊತ್ತು ಅಂಗಡಿಗೆ ಬಂದಳು. ಅವಳು ಗಂಟು ಬಿಚ್ಚದೆ, ರಸ್ತೆ ತೆರೆದಿದೆಯಾ ಎಂದು ಕೇಳಿದಳು. ಗಾಳಿಗೆ ನೆಲದ ಹಿಮವೆಲ್ಲ ಎದ್ದಿದ್ದರಿಂದ ಹೆದ್ದಾರಿಯನ್ನು ಮಧ್ಯಾಹ್ನವೇ ಮುಚ್ಚಿದ್ದರು. ಆಟದ ಊರು ಪಶ್ಚಿಮಕ್ಕೆ 690 ಕಿಲೋಮೀಟರ್ ಇರುತ್ತದೆ. ನನ್ನ ಟ್ರ್ಯಾಕ್ಟರ್ ಇದೆ ತಾಯಿ ಎಂದು ಎಮಿಲ್ ಹೇಳಿದರು. ಹೋಗಿ ಸೇರೋ ಹೊತ್ತಿಗೆ ಅವನು ನಿವೃತ್ತಿ ಆಗಿರ್ತಾನೆ ಎಂದು ಆರ್ಚಿ ಹೇಳಿದನು. ಡೀನಾ ನಕ್ಕಳು, ಆಮೇಲೆ ಗಂಟಿನಿಂದ ಜೋತುಬಿದ್ದಿದ್ದ ಮೇಜುಬಟ್ಟೆಯ ಅಂಚಿನಿಂದ ಮುಖ ಮುಚ್ಚಿಕೊಂಡಳು.

ಅವಳು ಹೇಳಿದ್ದೇನೆಂದರೆ, ಮಗ ಫೋನ್ ಮಾಡಿದ್ದನು. ಮೊದಲ ದೊಡ್ಡ ಆಟದ ದಿನ ನಾನು ಆ ಮೂಲೇಲಿ ನಿಂತಿರ್ತೀನಿ ಅಂತ ಅವನಿಗೆ ಮಾತು ಕೊಟ್ಟಿದ್ದೆ, ಅವನೇ ನೆನಪು ಮಾಡಿದ, ಬರಕ್ಕಾಗಲ್ಲ ಕಣೋ ಅಂದೆ, ಪರವಾಗಿಲ್ಲಮ್ಮ ಅಂದ. ಪರವಾಗಿಲ್ಲ ಅನ್ನುವಾಗ ಅವನ ದನಿ ಐದು ವರ್ಷದವನ ಹಾಗಿತ್ತು. ಅದಕ್ಕೇ ಜೋರು ಮಾಡಿ, ಅಲ್ಲಿ ನೆಲ ಸಮ ಇದೆ, ಕಾಲು ಗೀಲು ಎತ್ತಿ ಮರ್ಯಾದೆ ತೆಗೀಬೇಡ ಅಂದುಬಿಟ್ಟೆ. ಅದೆಲ್ಲ ಯಾವಾಗ್ಲೋ ಹೋಯ್ತಮ್ಮ ಅಂದ. ಯಾವಾಗ್ಲೋ ಹೋಯ್ತಂತೆ, ಜೆರಿ. ಜೆರಿ ಎಂದರೆ ನಾನು. ಇಷ್ಟು ಹೇಳಿ ಗಂಟು ಬಿಚ್ಚಲು ಶುರು ಮಾಡಿದಳು.

ಕಾನ್‌ಸ್ಟೇಬಲ್‌ರವರು ಕರಾವಳಿಯ ಕಡೆಯವರು, ಫುಟ್‌ಬಾಲ್ ಆಡಿ ಬೆಳೆದವರು. ಆದ್ದರಿಂದ ಒಂದು ಪದ್ಧತಿ ತಿಳಿಸುತ್ತೇನೆ. ಹೊಸಬನು ಮೊದಲ ಆಟದ ದಿನ ಮೈ ಬಿಸಿ ಮಾಡಿಕೊಳ್ಳಲು ಇಳಿಯುವಾಗ ಅವನನ್ನು ಮುಂದೆ ಬಿಡುತ್ತಾರೆ. ಹಿಂದೆಯೇ ಬರುತ್ತಿದ್ದಾರೆಂದು ಅವನು ಓಡುತ್ತಾನೆ, ಉಳಿದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಅಷ್ಟು ದೊಡ್ಡ ಐಸಿನ ಮೇಲೆ ಒಬ್ಬನೇ ಒಂದೋ ಎರಡೋ ಸುತ್ತು ಹೊಡೆಯುತ್ತಾನೆ. ಜೀವಮಾನದಲ್ಲಿ ಒಂದೇ ಸಲ. ಟೀವಿಯವರು ಅಷ್ಟು ಹೊತ್ತಿಗೆ ಸೋಪಿನ ಜಾಹೀರಾತು ತೋರಿಸುತ್ತಿರುತ್ತಾರೆ. ಅಲ್ಲಿ ಇದ್ದವರಿಗೆ ಮಾತ್ರ ಅದು ಕಾಣುವುದು.

ಎಷ್ಟು ಗಂಟೆಗೆ ಇಳೀತಾರೆ ಎಂದು ಡೀನಾ ಕೇಳಿದಳು. ಆರೂವರೆಗೆ ಎಂದು ಆರ್ಚಿ ಹೇಳಿದನು. ಹಾಗಾದ್ರೆ ನಾನು ಆ ಮೂಲೇಲೇ ನಿಂತ್ಕೋತೀನಿ ಎಂದಳು. ಯಾವ ಮೂಲೆ ಎಂದು ಎಮಿಲ್ ಕೇಳಿದರು. ನಮ್ಮದು ಎಂದಳು. ಯಾರೂ ನಗಲಿಲ್ಲ. ಆರ್ಚಿ ತನ್ನ ಟವೆಲುಗಳನ್ನು ಮಡಚಿ ಇಟ್ಟನು, ಅವನ್ನು ಅವನು ಮಡಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಂಜೆ 6-10ಕ್ಕೆ ರಿಂಕಿನ ಹತ್ತಿರ ಹೋದೆವು. ಅಂಗಡಿಯಿಂದ 200 ಮೀಟರ್. ಗಾಳಿ ನಿಂತಿತ್ತು. ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ, ನಾಲ್ಕು ಜನ ಹೊರಟವರು ಬಾಗಿಲಿಗೆ ಬರುವಷ್ಟರಲ್ಲಿ ಹದಿನೇಳು ಆಗಿದ್ದೆವು. ಬೀಗ ಮುರಿದಿದ್ದಾರೆಂದು ಪಟ್ಟಣದ ಕಚೇರಿಯವರು ದೂರು ಕೊಟ್ಟಿರುವುದು ತಪ್ಪು. ಬೀಗ ಹಾಕಿದ ಹಾಗೇ ಇತ್ತು, ಈಗಲೂ ಹಾಗೇ ಇದೆ. ನೆಲ ಉಬ್ಬಿ ಚೌಕಟ್ಟು ವಾರೆಯಾಗಿರುವುದರಿಂದ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಭುಜ ಕೊಟ್ಟರೆ ಕೀಲಿನ ಕಡೆಯಿಂದ ತೆರೆದುಕೊಳ್ಳುತ್ತದೆ. ಇದು ಊರಿಗೆಲ್ಲ ಗೊತ್ತು. ಕಚೇರಿಯವರಿಗೂ ಗೊತ್ತು, ಅವರೂ ಇದೇ ಊರಲ್ಲಿ ಬೆಳೆದವರು.

ದೀಪದ ಗುಂಡಿ ಒತ್ತಿದವಳು ನಾನು. ಆ ದೀಪಗಳು ಒಮ್ಮೆಗೇ ಹತ್ತುವುದಿಲ್ಲ. ಮೊದಲು ನೇರಳೆ ಬಣ್ಣಕ್ಕೆ ಬಂದು, ಗುಂಯ್ ಎಂದು, ನಿಧಾನಕ್ಕೆ ಬೆಳ್ಳಗಾಗುತ್ತವೆ. ಐಸು ಕಟ್ಟಿಸುವ ಯಂತ್ರ ನಿಲ್ಲಿಸಿ ಆರು ವಾರವಾದರೂ ಚಳಿಗೆ ಐಸು ಹಾಗೇ ಇತ್ತು, ಮೇಲೆ ತೆಳ್ಳಗೆ ಧೂಳು, ಅಡಿಯಲ್ಲಿ ಕೆಂಪು ನೀಲಿ ಗೆರೆಗಳು ಹಾಲಿನ ಕೆಳಗೆ ಇದ್ದ ಹಾಗೆ ಕಾಣುತ್ತಿದ್ದವು. ಎಲ್ಲರೂ ತಂತಮ್ಮ ಹಳೆಯ ಜಾಗಕ್ಕೆ ಹೋಗಿ ನಿಂತರು. ಡೀನಾ ಈಶಾನ್ಯ ಮೂಲೆಗೆ ಹೋದಳು. ಐಸಿನ ಮೇಲೆ ಯಾರೂ ಕಾಲಿಡಲಿಲ್ಲ. ಅವನ ಸುತ್ತು ಮುಗಿಯುವ ತನಕ ಬೇರೆಯವರು ಇಳಿಯಬಾರದು, ಅದೇ ಪದ್ಧತಿ.

6-31ಕ್ಕೆ ಆರ್ಚಿ ಗಡಿಯಾರ ನೋಡಿ, ಇಳಿದ ಎಂದನು.

ಅಲ್ಲಿಂದ ನಡೆದದ್ದನ್ನು ನೋಡಿದ ಹಾಗೆ ಹೇಳುತ್ತೇನೆ. ಅವನ ಓಟದ ವೇಗ ನಮಗೆಲ್ಲ ಗೊತ್ತು, ಹನ್ನೊಂದು ವರ್ಷ ನೋಡಿದ್ದೇವೆ. ಯಾರೂ ಮಾತಾಡಿಕೊಳ್ಳದೆ ಹದಿನೇಳು ತಲೆಗಳು ಒಟ್ಟಿಗೆ ಎಡಕ್ಕೆ ತಿರುಗಿದವು, ಗೋಲಿನ ಹಿಂದೆ ಹೋದವು, ಆಚೆ ಬದಿಯಿಂದ ವಾಪಸ್ ಬಂದವು. ನನ್ನ ಮುಂದೆ ಅವನು ದಾಟಿದಾಗ ಮುಖಕ್ಕೆ ತಣ್ಣಗೆ ಗಾಳಿ ಹೊಡೆಯಿತು. ಬಿರುಕಿನಿಂದ ಬಂದಿರಬಹುದು. ಈಶಾನ್ಯ ಮೂಲೆಗೆ ಬಂದಾಗ ಡೀನಾ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು. ಎತ್ತಬೇಡ ಎಂದು ಹೇಳಿದವಳು ಅವಳೇ ಅಲ್ಲವೇ. ಎರಡನೇ ಸುತ್ತಿಗೆ ಕಣ್ಣು ತಿರುಗಿಸಿದೆವು.

ಇದೇ ಸಮಯಕ್ಕೆ ಕಾನ್‌ಸ್ಟೇಬಲ್‌ರವರು ಒಳಗೆ ಬಂದು, ಏನು ನಡೀತಿದೆ ಇಲ್ಲಿ ಎಂದು ಕೇಳಿ, ನೇರವಾಗಿ ಐಸಿನ ಮೇಲೆ ಕಾಲಿಡಲು ಹೋದರು. ಎಮಿಲ್, ಸ್ವಲ್ಪ ತಡಿಯಪ್ಪಾ, ಹುಡುಗ ಬರ್ತಿದ್ದಾನೆ ಎಂದರು. ಕಾನ್‌ಸ್ಟೇಬಲ್‌ರವರು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟು, ಹುಡುಗ ದಾಟುವ ತನಕ ನಿಂತರು. ಈ ಸಾಲು ಬೇಡವೆಂದು ಅವರು ಹೇಳುತ್ತಿದ್ದಾರೆ. ನನ್ನ ಹೇಳಿಕೆ, ನನಗೆ ಬೇಕು.

ಎರಡನೇ ಸಲ ಮೂಲೆ ಹತ್ತಿರವಾದಾಗ ಡೀನಾಳ ಬಲಗೈ ಕಂಕುಳಿಂದ ಹೊರಗೆ ಬಂದು, ಭುಜದವರೆಗೆ ಎದ್ದು, ಗಾಜಿಗೆ ತಾಗಿ ನಿಂತಿತು. ಅವಳು ಎತ್ತಿದ್ದಲ್ಲ, ಅದೇ ಎದ್ದಿತು. ಆಮೇಲೆ ಉಳಿದ ಆಟಗಾರರೂ ಇಳಿದಿರಬೇಕು, ಯಾಕೆಂದರೆ ನಮ್ಮೆಲ್ಲರ ಕಣ್ಣು ಒಂದೊಂದು ದಿಕ್ಕಿಗೆ ಹೋಯಿತು.

ಕಾನ್‌ಸ್ಟೇಬಲ್‌ರವರು ಹೆಸರು ಬರೆದುಕೊಳ್ಳಲು ಆರಂಭಿಸಿದರು. 6-52ಕ್ಕೆ ಎಮಿಲ್‌ರ ಫೋನು ಕುಂಯ್ ಎಂದಿತು. ಅವರ ಮೊಮ್ಮಗಳು ಆಟದ ಊರಿನಲ್ಲಿ ಓದುತ್ತಾಳೆ, ಟಿಕೆಟ್ ಹಿಡಿದು ಒಳಗೆ ಹೋಗಿ ರೀಸ್‌ನ ಸುತ್ತುಗಳನ್ನು ವಿಡಿಯೋ ಮಾಡಿ ಕಳಿಸಿದ್ದಳು. ಎಮಿಲ್‌ರಿಗೆ ತೆರೆಯಲು ಬರಲಿಲ್ಲ. ತೆರೆದು ಕೊಟ್ಟವರು ಕಾನ್‌ಸ್ಟೇಬಲ್‌ರವರೇ, ಡೀನಾಳ ಕೈಗೇ ಕೊಟ್ಟರು, ಅದಕ್ಕೆ ಅವರಿಗೆ ವಂದನೆ.

ಅಷ್ಟು ಬೆಳಕು, ಅಷ್ಟು ಜನ, ನಡುವೆ ಒಬ್ಬನೇ ಹುಡುಗ. ಮೊದಲ ಸುತ್ತಿನಲ್ಲಿ ಆ ಮೂಲೆಯನ್ನು ಎಲ್ಲರ ಹಾಗೆ ನುಣ್ಣಗೆ ದಾಟಿದನು. ನೋಡಿ, ಬಿಟ್ಟಿದ್ದಾನೆ, ಒಳ್ಳೇದಾಯ್ತು ಎಂದು ಡೀನಾ ಹೇಳಿದಳು. ಒಳ್ಳೆಯದಾದವರು ಮಾತಾಡುವ ದನಿ ಅದಾಗಿರಲಿಲ್ಲ. ಒಳ್ಳೇದೇ ಎಂದು ಆರ್ಚಿ ನೆಲ ನೋಡುತ್ತಾ ಹೇಳಿದನು.

ಎರಡನೇ ಸುತ್ತಿನಲ್ಲಿ ಅದೇ ಮೂಲೆಗೆ ಬಂದಾಗ ಅವನು ತಲೆಯೆತ್ತಿ ಗಾಜಿನ ಆಚೆ ನೋಡಿದನು. ಅಲ್ಲಿ ಯಾರೋ ಪಾಪ್‌ಕಾರ್ನ್ ತಿನ್ನುತ್ತಿದ್ದರು. ನೋಡಿ, ಎಡಗಾಲನ್ನು ಇಷ್ಟೇ ಇಷ್ಟು ಎತ್ತಿ, ಇಲ್ಲದ ಹೊಸ್ತಿಲನ್ನು ದಾಟಿದನು.

ಎತ್ತಬೇಡ ಅಂದಿದ್ದೆ ಕತ್ತೆಗೆ ಎಂದು ಹೇಳಿ ಡೀನಾ ಆ ಮೂಲೆಯಲ್ಲೇ ಕುಸಿದು ಕೂತು ಅತ್ತಳು. ಎಮಿಲ್ ಟೋಪಿ ತೆಗೆದರು. ಆರ್ಚಿ ಏನೂ ಹೇಳಲಿಲ್ಲ, ಇದನ್ನು ದಾಖಲಿಸಬೇಕೆಂದು ಕೋರುತ್ತೇನೆ. ಕಾನ್‌ಸ್ಟೇಬಲ್‌ರವರು ಇನ್ನೊಮ್ಮೆ ಹಾಕಿ ಎಂದರು.

7-00 ಗಂಟೆಗೆ ಎಲ್ಲರೂ ನನ್ನ ಅಂಗಡಿಯಲ್ಲಿ ಆಟ ನೋಡಿದೆವು. ಕಾನ್‌ಸ್ಟೇಬಲ್‌ರವರು ಬಾಗಿಲ ಹೊರಗೆ ಕರ್ತವ್ಯದ ಮೇಲಿದ್ದರು, ಕಿಟಕಿಯಿಂದ ಸ್ಕೋರ್ ಕೇಳುತ್ತಿದ್ದರು. ರೀಸ್ ಒಂಬತ್ತು ನಿಮಿಷ ಆಡಿದನು. ಅವನ ಹೆಸರನ್ನು ಟೀವಿಯವರು ಒಂದೇ ಸಲ ಹೇಳಿದರು, ಅದೂ ತಪ್ಪಾಗಿ. ಅಂದರೆ ಬಹಳ ಚೆನ್ನಾಗಿ ಆಡಿದನು.

ಮೇಲ್ಕಂಡ ಜಾಗದಿಂದ ನಾವು ಏನನ್ನೂ ತಂದಿರುವುದಿಲ್ಲ, ಏನನ್ನೂ ಮುರಿದಿರುವುದಿಲ್ಲ, ದೀಪ ಆರಿಸಿಯೇ ಬಂದಿರುತ್ತೇವೆ. ಸೋಮವಾರ ಕೆಡವುವ ಯಂತ್ರ ಬಂದಾಗ ಬೇರೆ ಮೂಲೆಯಿಂದ ಶುರು ಮಾಡಿ, ಈಶಾನ್ಯ ಮೂಲೆಯನ್ನು ಕಡೆಗೆ ಮುಟ್ಟಲಿ. ಇದು ಹೇಳಿಕೆಯಲ್ಲಿ ಬರುವ ವಿಷಯವಲ್ಲವೆಂದು ತಿಳಿಸಿದರು. ಆದರೂ ಬರೆದುಕೊಂಡರು.

ಇಷ್ಟೂ ನಾನು ನನ್ನ ಬಾಯಿಂದ ಹೇಳಿ ಬರೆಸಿದ್ದು, ಓದಿಸಿ ಕೇಳಿದ್ದೇನೆ, ಸರಿಯಿದೆ. ಐಸಿನ ಮೇಲೆ ಅವನು ಇದ್ದದ್ದು ನಿಜ. ಕಾಲು ಎತ್ತಿದ್ದೂ ನಿಜ.

ಸ್ಥಳ: ಸ್ಟೋನಿ ಫೋರ್ಡ್ ಠಾಣೆ
ದಿನಾಂಕ: 22 ಮಾರ್ಚ್ 2024, ಶುಕ್ರವಾರ
ಸಹಿ: ಜೆರಾಲ್ಡಿನ್ ಪಸಿಚ್ನಿಕ್
ನನ್ನ ಸಮಕ್ಷಮ: ಕಾನ್‌ಸ್ಟೇಬಲ್ ಫೆನ್‌ವಿಕ್. ನಾನು ನಿಂತದ್ದು ನಿಜ.