ಸುರಂಗದ ಆ ಕಡೆ ಗೇಟು

ನಗಬೇಡಿ, ಇದು ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು. ರೈಲು ನಿಂತ ಮೇಲೆ ಹಳಿ ಕಿತ್ತು, ಕಾಡಿನ ನಡುವೆ ಜನ ಓಡಾಡೋಕೆ, ಸೈಕಲ್ ಹೊಡೆಯೋಕೆ ದಾರಿ ಮಾಡಿದ್ರಲ್ಲ... ಅದರ ಸುರಂಗಕ್ಕೆ ಅಣ್ಣನೇ ಕಾವಲು. ಕತ್ತಲಾಗ್ತಿದ್ದ ಹಾಗೆ ಈ ಕಡೆ ಗೇಟನ್ನ ಒಳಗಿಂದ ಎಳೆದು ಬೀಗ ಒತ್ತೋದು, ಯಾರೂ ಉಳಿದಿಲ್ಲ ಅಂತ ಟಾರ್ಚ್ ಬಿಟ್ಟು ನೋಡ್ತಾ ಆ ಕಡೆಯಿಂದ ಮನೆಗೆ ಹೋಗೋದು. ಅಲ್ಲಿ ಬಾಮೈದ ಕಾಯ್ತಿರ್ತಿದ್ದ. ಎರಡು ಬೀಗದ ಕೀಲಿಯೂ ಆ ಪುಣ್ಯಾತ್ಮನ ಜೇಬಲ್ಲೇ. ಆಳು ನೋಡಿದ್ರೆ ಆನೆ ಥರ, ಧೈರ್ಯ ಮಾತ್ರ ಸೊನ್ನೆ. ಸುರಂಗಕ್ಕೆ ಬೆನ್ನು ಹಾಕಿ ನಿಂತಿರೋನು. ಭಾವ ಪಕ್ಕದಲ್ಲಿ ಹಾದು "ಹಾಕಪ್ಪ" ಅಂದ್ರೆ, ಕಣ್ಣು ಮುಚ್ಚಿ ಗೇಟು ಎಳೆದು ಬೀಗ ಹಾಕೋನು.

ಅವತ್ತು ಅಣ್ಣ ಇನ್ನೂ ಸುರಂಗದ ನಡುವೆ ಇದ್ದ. ಮೇಲಿಂದ ನೀರು... ತಟಕ್... ತಟಕ್. ಅಷ್ಟರಲ್ಲಿ ಆ ಕಡೆ ಗೇಟು ಕಿರ್ರ್ ಅಂತು. ಆಮೇಲೆ ಬೀಗ, ಕಟಕ್.

"ಏಯ್! ನಾನಿನ್ನೂ ಒಳಗಿದ್ದೀನಿ ಕಣೋ!"

ಬಿದ್ದೆನೋ ಕೆಟ್ಟೆನೋ ಅಂತ ಓಡಿ ಸರಳು ಹಿಡಿದ. ಬಾಮೈದ ದೂರ ಹೋಗಿರಲಿಲ್ಲ. ತಿರುಗಿದ. ಮುಖ ಬಿಳಿಚಿಕೊಂಡಿತ್ತು.

"ಬೀಗ ತೆಗಿಯೋ."

"ನೀ... ನೀನ್ಯಾರು?"

"ನಿನ್ನ ಭಾವ ಕಣೋ, ಕತ್ತೆ!"

"ಭಾವ ಆಗಲೇ ಹೊರಗೆ ಬಂದ್ರು," ಅಂತ ಪಿಸುಗುಟ್ಟಿದ. "ಅಗೋ... ಮುಂದೆ ಹೋಗ್ತಿದ್ದಾರೆ."

ಅಣ್ಣ ನೋಡಿದ. ದಾರಿಯ ತಿರುವಲ್ಲಿ ಯಾರೋ ನಡೀತಿದ್ದ. ಇವನದೇ ಹಸಿರು ಜಾಕೆಟ್ಟು. ಇವನ ಹಾಗೇ ಒಂದು ಹೆಗಲು ವಾಲಿಸ್ಕೊಂಡು... ಮನೆ ಕಡೆಗೆ.

ಮನೇಲಿ ಹೆಂಡತಿ, ಪುಟ್ಟ ಮಗಳು ಇಬ್ಬರೇ.

"ಅವನನ್ನ ಮನೆಗೆ ಬಿಡಬೇಡ ಕಣೋ! ಅಲ್ಲಿ ನಿನ್ನ ಅಕ್ಕ, ಮಗು ಇಬ್ಬರೇ ಇದ್ದಾರೆ!"

ಬಾಮೈದ ಕಿತ್ತ ನೋಡಿ ಓಟ... ಅಕ್ಕನ ಮನೆ ಕಡೆಗಲ್ಲ, ತನ್ನ ಮನೆ ಕಡೆಗೆ.

ಈ ಗೇಟಿಗೂ ಬೀಗ, ಆ ಗೇಟಿಗೂ ಬೀಗ. ಫೋನಿಗೆ ಸಿಗ್ನಲ್ ಇಲ್ಲ. ಕೈಯಲ್ಲಿ ರಕ್ತ ಬರೋವರೆಗೂ ಸರಳು ಅಲ್ಲಾಡಿಸಿದ. ಕಿರುಚಿ ಕಿರುಚಿ ಗಂಟಲು ಬಿದ್ದುಹೋಯ್ತು. ಸುರಂಗದ ಭಯ ಹತ್ತಿರವೂ ಸುಳೀಲಿಲ್ಲವಂತೆ ಪಾಪ... ಮನೇಲಿ ಏನಾಗ್ತಿದೆಯೋ ಅನ್ನೋದೊಂದೇ.

ಬೆಳಕಾದ ಮೇಲೆ ಬಾಮೈದ ನಾಲ್ಕು ಜನರನ್ನ ಕಟ್ಕೊಂಡು ಬಂದು ಬೀಗ ತೆಗೆದ. ಅಣ್ಣ ಒಂದೇ ಉಸಿರಲ್ಲಿ ಮನೆಗೆ ಓಡಿದ. ಹೆಂಡತಿ ಬಾಗಿಲು ಗುಡಿಸ್ತಿದ್ಲು.

"ಇದೇನ್ರೀ, ಈಗ ತಾನೇ ಹೋದ್ರಿ... ಏನ್ ಮರೆತ್ರಿ?"

ಮಗಳು ನಿದ್ದೆಗಣ್ಣಲ್ಲಿ ಹೊರಗೆ ಬಂತು. ತಲೆ ತುಂಬ ಸಣ್ಣ ಸಣ್ಣ ಜಡೆ. ಒಂದು ಕೂದಲೂ ಆಚೆ ಈಚೆ ಇಲ್ಲ.

"ರಾತ್ರಿಯೆಲ್ಲಾ ಕೂತು ನೀವೇ ಹೆಣೆದ್ರಲ್ಲ," ಅಂದಳು ಹೆಂಡತಿ.

ಅಣ್ಣನಿಗೆ ಜಡೆ ಹೆಣೆಯೋಕೆ ಬರಲ್ಲ ರೀ. ದೇವರಾಣೆಗೂ ಸುಳ್ಳಲ್ಲ, ಅದನ್ನ ಬಿಚ್ಚೋಕೆ ನಾನೂ ಕೂತಿದ್ದೆ. ಸಂಜೆವರೆಗೂ ಹಿಡೀತು.