ತೆರಕ್ಕೆ ಕೊಟ್ಟ ಮಿಥುನ್

ಬೆಟ್ಟದೂರುಗಳಿಗೆ ಹೋಗುವ ಬಾಡಿಗೆ ಸುಮೋಗಳ ಟಿಕೆಟ್ ಕೌಂಟರಿನಲ್ಲಿ ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದ ಯಾಪಿಗೆ ಪಕ್ಕದ ಇಬ್ಬರು ಬೀಗರ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಾದರ್ ಹೆಣ್ಣಿನ ಅಪ್ಪ, ಕಿಪಾ ಗಂಡಿನ ಅಪ್ಪ.

“ನನ್ನ ಮಗಳ ತೆರಕ್ಕೆ ಕೊಟ್ಟ ಮಿಥುನ್ ಹೋರಿ ಎಲ್ಲಿ, ಬೀಗರೇ?” ಎಂದ ತಾದರ್.

“ನಿಮ್ಮ ಕಾಡಿಗೇ ತಂದು ಬಿಟ್ಟಿದ್ದೆ.”

“ಅದರ ಕಿವೀಲಿ ನನ್ನ ಗುರುತು ಕೊಯ್ದಾಗಿದೆ. ಈಗ ನಿಮ್ಮ ಕಾಡಲ್ಲಿ ಮೇಯ್ತಿದೆ. ಮಗಳನ್ನ ಪುಕ್ಕಟೆ ಕೊಟ್ಟ ಅಂತ ಊರೆಲ್ಲ ನಗ್ತಿದೆ.”

“ಮಿಥುನ್‌ನ ಯಾರಾದ್ರೂ ಕಟ್ಟಿ ಹಾಕ್ತಾರಾ? ಕಾಡಲ್ಲೇ ಬಿಟ್ಟು ಸಾಕೋ ದನ ಅದು. ಉಪ್ಪು ಕೊಟ್ಟಿದ್ರೆ ನಿಲ್ತಿತ್ತು. ಜಿಪುಣರು ನೀವು.”

“ಮೂರು ತಿಂಗಳು ಕೊಟ್ಟೆ. ನೀವೇ ಕರೆದು ವಾಪಸ್ ಎಳ್ಕೊಂಡ್ರಿ. ಕಳ್ಳರು.”

“ನಾಲಿಗೆ ಬಿಗಿ ಹಿಡೀರಿ. ನಾನು ಕರೆದಿಲ್ಲ.”

“ಮತ್ಯಾರು?”

ಕಿಪಾ ಪಕ್ಕಕ್ಕೆ ಉಗುಳಿದ. “ನಿಮ್ಮ ಮಗಳು. ದಿನಾ ಬೆಳಿಗ್ಗೆ ನಮ್ಮ ಕಾಡಂಚಿಗೆ ಹೋಗಿ ಉಪ್ಪು ನೆಕ್ಕಿಸ್ತಾಳೆ. ಈಗ ಅದು ಅವಳ ದನಿಗೆ ಮಾತ್ರ ಬರುತ್ತೆ.”

ಸುಮೋ ಬಂದು ನಿಂತಾಗ ತಾದರ್ ಚೀಲ ಎತ್ತಿಕೊಂಡು ಹತ್ತಿದ.

“ಇದು ನಮ್ಮೂರಿಗೆ ಹೋಗೋ ಗಾಡಿ,” ಎಂದ ಕಿಪಾ.

“ಗೊತ್ತು. ನಾಳೆ ಅವಳು ಉಪ್ಪು ಹಿಡ್ಕೊಂಡು ನಮ್ಮೂರಿಗೆ ನಡೀತಾಳೆ. ಅದು ಹಿಂದೆ ಬರುತ್ತೆ. ಇಬ್ಬರನ್ನೂ ಇಟ್ಕೋತೀನಿ.”

ಕಿಪಾ ಓಡಿಹೋಗಿ ಅವನ ಪಕ್ಕದಲ್ಲೇ ತೂರಿಕೊಂಡು ಕೂತ. ಗಾಡಿ ಹೊರಟಿತು.