ಹುಳುಮನೆಯ ಜಗುಲಿಗೆ ಬಂದ ಸೈಕಲ್ಲು

ಶೋಭಾರಾಣಿ ಕೋಂ ಲೇಟ್ ಆಂಜಿನಪ್ಪ, ವಯಸ್ಸು 36 ವರ್ಷ, ಕಸುಬು ರೇಷ್ಮೆ ಹುಳು ಸಾಕಣೆ, ವಾಸ ಯರ್ರಕುಂಟೆ ಗ್ರಾಮ, ಮಂಡಿಕಲ್ ಹೋಬಳಿ, ಚಿಕ್ಕಬಳ್ಳಾಪುರ ತಾಲ್ಲೂಕು. ಯಾರ ಒತ್ತಾಯವೂ ಇಲ್ಲದೆ, ಕೆಲವರು ಬೇಡವೆಂದರೂ ಕೇಳದೆ, ಈ ಮೂಲಕ ತಿಳಿಸುವುದೇನೆಂದರೆ,

ನಾನು ಮೇಲ್ಕಂಡ ವಿಳಾಸದಲ್ಲಿ ಅತ್ತೆ ರಾಮಲಕ್ಷ್ಮಮ್ಮ ಮತ್ತು ಮೈದುನ ಮೋಹನ್‌ಬಾಬು ಜೊತೆ ವಾಸವಾಗಿರುತ್ತೇನೆ. ನನ್ನ ಗಂಡ ಎರಡು ವರ್ಷದ ಹಿಂದೆ ಡೆಂಗಿ ಜ್ವರದಿಂದ ತೀರಿಕೊಂಡರು. ಮನೆಯಿಂದ ನಲವತ್ತು ಅಡಿ ದೂರದಲ್ಲಿ ನಮ್ಮ ಹುಳುಮನೆ ಇದೆ. ಬೆಂಗಳೂರಿನಿಂದ ಬೆಟ್ಟ ಹತ್ತಲು ಬರುವ ಸೈಕಲ್ಲಿನವರಿಗೆ ಅದನ್ನು ಹೋಮ್‌ಸ್ಟೇ ಮಾಡಬೇಕೆಂದು ಮೋಹನ್‌ಬಾಬು ಯುಗಾದಿಯಿಂದ ಹಟ ಹಿಡಿದಿದ್ದನು. ನಾನು ಒಪ್ಪಿರಲಿಲ್ಲ. ಕೊನೆಗೆ ಹಿರಿಯರ ಮುಂದೆ ಮಾತಾಯಿತು. ಈ ಬೆಳೆಯನ್ನು ನಾನೊಬ್ಬಳೇ ಗೂಡು ಕಟ್ಟಿಸಿದರೆ ಹುಳುಮನೆ ನನಗೆ, ಕೆಟ್ಟರೆ ಕೀಲಿಕೈ ಅವನಿಗೆ. ಹುಳುಗಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ; ನಾಲ್ಕನೇ ಜ್ವರ ಎದ್ದು, ಹೊಟ್ಟೆ ಬಿರಿಯ ಸೊಪ್ಪು ತಿಂದು, ಹಣ್ಣಾಗಿ ಗೂಡಿಗೆ ಹತ್ತಲು ಇನ್ನು ಎರಡೇ ದಿನ ಇತ್ತು.

ದಿನಾಂಕ 14.10.2024ರ ಸೋಮವಾರ ಸಂಜೆ ಐದೂವರೆ ಗಂಟೆಗೆ ಮಳೆ ಬರುತ್ತಿದ್ದಾಗ ಮೋಹನ್‌ಬಾಬು ಒಬ್ಬ ಬಿಳಿಯನನ್ನು ಸೈಕಲ್ ಸಮೇತ ಕರೆತಂದನು. ಅವನ ಹೆಸರು ಟೊಮಾಶ್, ಪೋಲೆಂಡ್ ದೇಶದವನು, ಏಳು ತಿಂಗಳಿಂದ ದೇಶ ದೇಶದ ಹಳ್ಳಿ ರಸ್ತೆಗಳಲ್ಲಿ ಸೈಕಲ್ ತುಳಿಯುತ್ತಿದ್ದಾನೆ, ನಾಳೆ ಅಂಬಾಜಿದುರ್ಗದ ಕಡೆಯಿಂದ ಚಿಂತಾಮಣಿಗೆ ಹೋಗುತ್ತಾನೆ ಎಂದು ತಿಳಿಸಿದನು. ಸೈಕಲ್ಲಿಗೆ ನಾಲ್ಕು ಚೀಲ, ಒಂದು ಒಲೆ, ಟೆಂಟ್ ಎನ್ನುವ ಒಂದು ಬಟ್ಟೆ ಮನೆ ಕಟ್ಟಿತ್ತು. ಮನೆಯಲ್ಲಿ ಕೂತು ಉಣ್ಣಲು ಇವನಿಗೇನು ರೋಗ ಎಂದು ನಾನು ಅವನ ಎದುರಿಗೇ ಹೇಳಿದೆನು. ಅವನಿಗೆ ಅರ್ಥವಾಗಲಿಲ್ಲ, ನಕ್ಕನು.

ಇವನೇ ನಮ್ಮ ಮೊದಲ ಗೆಸ್ಟು, ಹುಳುಮನೆ ಜಗುಲಿಯಲ್ಲಿ ಮಲಗಲಿ, ವಿಡಿಯೋ ಹಾಕುತ್ತಾನೆ ಎಂದು ಮೋಹನ್‌ಬಾಬು ಹೇಳಿದನು. ನಿನ್ನ ರೂಮಿನಲ್ಲೇ ಮಲಗಿಸಿಕೋ ಎಂದೆನು. ಮಳೆಯಲ್ಲಿ ಎಲ್ಲಿಗೆ ಹೋಗ್ತಾನೆ, ಒಂದಿನ ತಾನೆ ಬಿಡಮ್ಮ ಎಂದು ಅತ್ತೆ ಅಡ್ಡ ಬಂದರು. ನಾನು ಅವನ ಚಪ್ಪಲಿ ಬಿಡಿಸಿ, ಬ್ಲೀಚಿಂಗ್ ನೀರಿನಲ್ಲಿ ಕಾಲು ತೊಳೆಸಿ, ಹುಳುಗಳಿಗೆ ಆಗದ ಹೊಗೆಸೊಪ್ಪಿನ ವಾಸನೆ ಇದೆಯೇ ಎಂದು ಕೈ ಮೂಸಿ ನೋಡಿ ಜಗುಲಿಗೆ ಬಿಟ್ಟೆನು. ಸೊಳ್ಳೆಬತ್ತಿಯ ಮಾತು ಎತ್ತಲಿಲ್ಲ. ಹುಳು ಸಾಕುವವರು ಸೊಳ್ಳೆಬತ್ತಿ ಹಚ್ಚುವುದಿಲ್ಲ, ಹುಳುಗಳಿಗೆ ಆ ಹೊಗೆ ವಿಷ. ಸೊಳ್ಳೆ ಕಡಿಸಿಕೊಂಡೇ ಮಲಗುತ್ತೇವೆ. ನನ್ನ ಗಂಡ ಜ್ವರದಲ್ಲಿ ಮಲಗಿದ್ದಾಗಲೂ ನಮ್ಮ ಮನೆಯಲ್ಲಿ ಹಚ್ಚಿರಲಿಲ್ಲ. ಆಗ ಹುಳು ಎರಡನೇ ಜ್ವರದಲ್ಲಿದ್ದವು.

ಮಂಗಳವಾರ ಬೆಳಗ್ಗೆ ಐದು ಗಂಟೆಗೆ ಸೊಪ್ಪು ಹಾಕಲು ಬಾಗಿಲು ತೆಗೆದೆನು. ತಿನ್ನುವ ಸದ್ದು ಇರಲಿಲ್ಲ. ರಾತ್ರಿ ಹಾಕಿದ ಸೊಪ್ಪು ಹಾಗೇ ಇತ್ತು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ಹಸಿರು ನೀರು ಕಕ್ಕುತ್ತಿದ್ದವು. ಕಿಟಕಿ ಪಕ್ಕದ ಬಿದಿರು ತಟ್ಟೆಯಲ್ಲಿ ಒಂದು ಹುಳುವೂ ಬದುಕಿರಲಿಲ್ಲ. ನಾನು ಸೊಪ್ಪಿನ ಹೊರೆಯನ್ನು ಅಲ್ಲೇ ಇಳಿಸಿ ಹೊರಗೆ ಬಂದೆನು. ಕಿಟಕಿಯ ಕೆಳಗೆ ಸೊಳ್ಳೆಬತ್ತಿಯ ಬೂದಿ ಮತ್ತು ತುಂಡು ಸಿಕ್ಕಿತು. ಬಿಳಿಯನು ಒಲೆ ಹಚ್ಚಿ ಟೀ ಕಾಯಿಸುತ್ತಿದ್ದನು. ಹಿಪ್ಪುನೇರಳೆ ಕಡ್ಡಿಯಿಂದ ಅವನಿಗೆ ಎರಡು ಏಟು ಹೊಡೆದೆನು. ಸೈಕಲ್ಲಿನ ಗಾಳಿ ಬಿಟ್ಟು, ಎಮ್ಮೆ ಸರಪಳಿಯಿಂದ ಕಂಬಕ್ಕೆ ಬಿಗಿದೆನು. ಜನ ಸೇರಿದರು. ಬಿಳಿ ನನ್ಮಗನೇ, ನಮ್ಮ ಅತ್ತಿಗೆ ಅನ್ನ ಕಿತ್ಕೊಂಡೆಯಲ್ಲೋ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಮೋಹನ್‌ಬಾಬು. ಪೊಲೀಸರಿಗೆ ಫೋನ್ ಮಾಡಿದವನೂ ಅವನೇ.

ಬೆಳಗ್ಗೆ ಒಂಬತ್ತಕ್ಕೆ ನಾನು ಠಾಣೆಯಲ್ಲಿ ಬಿಳಿಯನ ಮೇಲೆ ಬಾಯಿಮಾತಿನ ದೂರು ಕೊಟ್ಟೆನು. ಮಹಿಳಾ ಪೇದೆ ಹರಿಣಿಯವರು ಅವನ ಚೀಲ ಬಿಚ್ಚಿಸಿ, ಬಟ್ಟೆ ಮನೆಯನ್ನು ಅಂಗಳದಲ್ಲಿ ಹರಡಿಸಿದರು. ಅದಕ್ಕೆ ಸುತ್ತ ಸೊಳ್ಳೆಪರದೆ ಹೊಲಿದಿತ್ತು. ಇಷ್ಟು ಪರದೆ ಇಟ್ಟುಕೊಂಡವನಿಗೆ ಬತ್ತಿ ಯಾಕೆ ಎಂದು ನಾನೇ ಕೇಳಿದೆನು. ಹರಿಣಿಯವರು ಇಂಗ್ಲಿಷಿನಲ್ಲಿ ವಿಚಾರಿಸಿ ಹೇಳಿದ್ದೇನೆಂದರೆ, ಬತ್ತಿ ಅವನದಲ್ಲ, ಮನೆಯವನೇ ತಂದು ಹಚ್ಚಿ ತಲೆಯ ಬಳಿ ಇಟ್ಟು ಹೋದನು, ಹೊಗೆಗೆ ಕೆಮ್ಮು ಬಂದು ತಾನು ಅದನ್ನು ಕಿಟಕಿಯ ಕೆಳಗೆ ಸರಿಸಿದೆನು, ಒಳಗೆ ಏನಿದೆಯೆಂದು ತನಗೆ ಗೊತ್ತಿರಲಿಲ್ಲ. ಹುಳು ಸತ್ತ ವಿಚಾರ ಹರಿಣಿಯವರು ತಿಳಿಸಿದಾಗ ಅವನು ಠಾಣೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟನು. ಈ ದೇಶದಲ್ಲಿ ಊರೂರಲ್ಲೂ ನಾಯಿಗಳು ಅಟ್ಟಿಸಿಕೊಂಡು ಬಂದವು, ಮಲಗಲು ಹೋದಲ್ಲೆಲ್ಲ ಎಬ್ಬಿಸಿದರು, ಕಾಲಿಗೆ ನೀರು ಕೊಟ್ಟ ಮೊದಲ ಮನೆ ಇವರದು ಎಂದುಕೊಂಡಿದ್ದೆ ಎಂದು ಹೇಳಿದನಂತೆ. ನನಗೆ ನಾಚಿಕೆಯಾಯಿತು. ನಾನು ಕೊಟ್ಟದ್ದು ಬ್ಲೀಚಿಂಗ್ ನೀರು.

ಅತ್ತೆಯೂ ಮೋಹನ್‌ಬಾಬುವೂ ನನ್ನ ಜೊತೆ ಠಾಣೆಗೆ ಬಂದಿದ್ದರು, ಅವನನ್ನು ಕೇಳಿದೆನು. ಗೆಸ್ಟಿಗೆ ಸೊಳ್ಳೆ ಕಚ್ಚಿದ್ರೆ ಏನ್ ಅಂದ್ಕೊತಾನೆ ಅತ್ತಿಗೆ, ಹುಳದ ವಿಷ್ಯ ಮರ್ತೇಹೋಯ್ತು ಎಂದನು. ಹುಳುಮನೆಯಲ್ಲಿ ಹುಟ್ಟಿ, ಗೂಡು ಮಾರಿದ ದುಡ್ಡಿನಲ್ಲಿ ಬಿ.ಕಾಂ. ಓದಿದವನಿಗೆ ಮರೆತುಹೋಯಿತಂತೆ. ಬೇಲಿಯೇ ಎದ್ದು ಹೊಲ ಮೇಯಿತು.

ಅತ್ತೆ ನನ್ನನ್ನು ಠಾಣೆಯ ಬೇವಿನ ಮರದ ಕೆಳಗೆ ಎಳೆದುಕೊಂಡು ಹೋಗಿ, ಬಿಳಿಯೋನ ಹೆಸ್ರೇ ಇರ್ಲಿ ಬಿಡಮ್ಮ, ಅವ್ನು ಹೆಂಗೂ ಹೊಂಟೋಗೋನು, ಇವ್ನು ಇಲ್ಲೇ ಇರೋನು ಎಂದರು. ನಾನೂ ಇಲ್ಲೇ ಇರೋಳು ಎಂದೆನು. ಆಗ ಅವರು ಅಳುತ್ತಾ, ನನ್ಮೇಲೆ ಯಾಕಮ್ಮ ಸಿಟ್ಟು, ಹಚ್ಬೇಡ ಕಣೋ ಒಳಗೆ ಹುಳ ಐತೆ ಅಂತ ನಾನು ಬಡ್ಕೊಂಡೆ, ಏಮೀ ಕಾದಮ್ಮ, ಏನೂ ಆಗಲ್ಲ ಅಂದ್ಬುಟ್ಟು ಹಚ್ಚಿದ ಎಂದು ಹೇಳಿ, ಹೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹರಿಣಿಯವರು ಪಕ್ಕದಲ್ಲೇ ಇದ್ದರು.

ಆದ್ದರಿಂದ ನನ್ನ ದೂರಿನಲ್ಲಿ ಟೊಮಾಶ್ ಎಂಬ ಹೆಸರು ತೆಗೆದು ಮೋಹನ್‌ಬಾಬು ಎಂದು ಬರೆದುಕೊಳ್ಳಬೇಕು. ಅತ್ತೆಯ ಮಾತನ್ನು ಅವರು ಆಡಿದಂತೆಯೇ ಸೇರಿಸಬೇಕು. ಸೈಕಲ್ಲಿಗೆ ಗಾಳಿ ತುಂಬಿಸಿ ಆ ಮನುಷ್ಯನನ್ನು ಕಳಿಸಿಕೊಡಿ. ಎರಡು ಏಟಿಗೆ ಅವನು ದೂರು ಕೊಟ್ಟರೆ ಅದನ್ನೂ ಬರೆದುಕೊಳ್ಳಿ. ಆದರೆ ನಮ್ಮ ಊರಿನ ದಾರಿ ಅವನಿಗೆ ಮತ್ತೆ ಬೇಡ. ಬೆಳೆ ಕೆಟ್ಟಿದೆ, ಮಾತಿನಂತೆ ಕೀಲಿಕೈ ಕೊಡು ಎಂದು ಮೋಹನ್‌ಬಾಬು ಠಾಣೆಯ ಅಂಗಳದಲ್ಲೇ ಕೈ ಚಾಚಿದನು. ಬೆಳೆ ಕೆಟ್ಟಿಲ್ಲ, ಕೆಡಿಸಿದ್ದಾರೆ. ಕೀಲಿಕೈ ನನ್ನ ಸೊಂಟದಲ್ಲಿದೆ, ಅಲ್ಲೇ ಇರುತ್ತದೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಎಲ್ಲವೂ ನಿಜ. ನಯ ಮಾಡಿ ತಿದ್ದುವುದು ಬೇಡ ಎಂದು ತಿಳಿಸಿ ಸಹಿ ಮಾಡಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ, ಚಿಕ್ಕಬಳ್ಳಾಪುರ ತಾಲ್ಲೂಕು
ದಿನಾಂಕ: 15.10.2024
ಸಹಿ: ಶೋಭಾರಾಣಿ
ಸಾಕ್ಷಿ: ರಾಮಲಕ್ಷ್ಮಮ್ಮ, ಎಡಗೈ ಹೆಬ್ಬೆಟ್ಟು